ಆಟದ ಪೆಟ್ಟಿಗೆಯಲ್ಲಿ ಅಮ್ಮಿಯ ಸಿನಿಮಾ

ನಮ್ಮ ಮನೆಯೊಳಕ್ಕೆ ಸಿನಿಮಾ ಕಾಲಿಟ್ಟದ್ದು ಆಟಿಕೆಯ ವೇಷದಲ್ಲಿ. ಅದು 2006ರ ಬೇಸಿಗೆ. ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಕೆಲಸಕ್ಕಿದ್ದ ಅಣ್ಣ, ಮಗನ ಓದು ಊರಲ್ಲೇ ಆಗಲಿ ಎಂದು ಹೆಂಡತಿ ಮಗನನ್ನು ಭದ್ರಾವತಿಗೆ ಕಳಿಸಿಕೊಟ್ಟಿದ್ದ. ಅವರ ಜೊತೆ ಹಗ್ಗ ಬಿಗಿದ ನಾಲ್ಕು ರಟ್ಟಿನ ಡಬ್ಬಗಳು ಬಂದವು. ಖರ್ಜೂರ, ಹಾಲಿನ ಪುಡಿ, ಅತ್ತರು, ಕಂಬಳಿ ಎಲ್ಲ ಹೊರಗೆ ಬಂದ ಮೇಲೆ, ಹತ್ತು ವರ್ಷದ ಪೋರ ಕೊನೆಯ ಡಬ್ಬದ ತಳದಿಂದ ತನ್ನ ಆಸ್ತಿಯನ್ನು ಎತ್ತಿ ತೆಗೆದ. ಒಂದು ಕಪ್ಪು ಪೆಟ್ಟಿಗೆ, ಅದಕ್ಕೆ ಉದ್ದ ವೈರಿನ ಎರಡು ಹಿಡಿಗಳು, ಟೀವಿಗೆ ಚುಚ್ಚಲು ಹಳದಿ, ಬಿಳಿ, ಕೆಂಪು ಮೂತಿಯ ಮೂರು ಎಳೆ. ಪ್ಲೇಸ್ಟೇಷನ್ 2.

‘ಏನಪ್ಪಾ ಇದು?’ ಎಂದರು ಅಬ್ಬಾ.

‘ಗೇಮು, ದಾದಾ.’

‘ಆಟ ತಾನೇ? ಆಡಿಕೋ. ಓದುವ ಹೊತ್ತಿನಲ್ಲಿ ಬೇಡ’ ಎಂದು ಪತ್ರಿಕೆಗೆ ತಲೆ ತಗ್ಗಿಸಿದರು. ಅಲ್ಲಿಗೆ ಅದಕ್ಕೆ ಪ್ರವೇಶ ಸಿಕ್ಕಿತು.

ಅಬ್ಬಾ ಉರ್ದು ಪ್ರಾಥಮಿಕ ಶಾಲೆಯ ಮೇಷ್ಟರಾಗಿ ಎರಡು ವರ್ಷದ ಹಿಂದಷ್ಟೇ ನಿವೃತ್ತರಾಗಿದ್ದರು. ನಾವು ಏಳನೆಯವರೆಗೆ ಉರ್ದು ಕಲಿತದ್ದೂ ಅವರ ಕೈಯಲ್ಲೇ, ಮುಂದೆ ಕನ್ನಡ ಹೈಸ್ಕೂಲಿಗೆ ಸೇರಿದ್ದೂ ಅವರ ಹಟದಿಂದಲೇ. ಕಟುಕ ಮನುಷ್ಯರೇನಲ್ಲ. ಮನೆಯಲ್ಲಿ ಟೀವಿ ಇತ್ತು, ಆದರೆ ಅದು ವಾರ್ತೆಗೆ, ಕ್ರಿಕೆಟ್ಟಿಗೆ. ಸಿನಿಮಾಕ್ಕೆ ಮಾತ್ರ ಅವರದೊಂದೇ ಮಾತು: ‘ನನ್ನ ಮನೆಯಲ್ಲಿ ಬೇಡ.’ ಎಂಬತ್ತರ ದಶಕದಲ್ಲಿ ಕೇರಿಯ ಹುಡುಗರು ಒಂದು ರಾತ್ರಿಗೆ ಟೀವಿ, ವಿಸಿಪಿ ಬಾಡಿಗೆಗೆ ತಂದು ಬೆಳಗಿನವರೆಗೆ ಮೂರು ಸಿನಿಮಾ ಹಾಕುತ್ತಿದ್ದರು. ನಾವು ಮಕ್ಕಳು ಹಾಸಿಗೆಯಲ್ಲಿ ಮಲಗಿ ಗೋಡೆಯಾಚೆಯ ಹಾಡು ಕೇಳುತ್ತಿದ್ದೆವು. ಅಮ್ಮಿಯೂ ಕೇಳುತ್ತಿದ್ದಳು ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಪೆಟ್ಟಿಗೆಯ ಗುಟ್ಟು ಬಿಚ್ಚಿದವನು ಪೋರನೇ. ಒಂದು ಮಧ್ಯಾಹ್ನ ಅವನು ಅಮ್ಮಿಯ ಮಡಿಲಲ್ಲಿ ಕೂತು, ‘ದಾದಿಮಾ, ಇದರಲ್ಲಿ ಪಿಕ್ಚರೂ ಬರುತ್ತೆ. ಜುಬೈಲ್‌ನಲ್ಲಿ ಪ್ರತಿ ಜುಮ್ಮಾ ರಾತ್ರಿ ಅಬ್ಬು ಹಾಕ್ತಿದ್ರು’ ಎಂದ. ಆ ದೇಶದಲ್ಲಿ ಆಗ ಸಾರ್ವಜನಿಕ ಸಿನಿಮಾ ಮಂದಿರಗಳೇ ಇರಲಿಲ್ಲ. ಮೂವತ್ತೈದಕ್ಕೂ ಹೆಚ್ಚು ವರ್ಷಗಳ ಮೇಲೆ ರಿಯಾದ್‌ನಲ್ಲಿ ಮತ್ತೆ ಒಂದು ತೆರೆದದ್ದು 2018ರ ಏಪ್ರಿಲ್‌ನಲ್ಲಿ. ಟಾಕೀಸಿಲ್ಲದ ನಾಡಿನಲ್ಲಿ ದುಡಿಯುವ ನಮ್ಮವರಿಗೆ ಕೋಣೆಯೇ ಟಾಕೀಸು, ಡಿಸ್ಕೇ ರೀಲು.

ಇದರ ಹಿನ್ನೆಲೆ ನಾವು ಆಮೇಲೆ ಓದಿ ತಿಳಿದುಕೊಂಡೆವು. ಹಳೆಯ ಪ್ಲೇಸ್ಟೇಷನ್ನಿನ ಆಟಗಳು ಬರುತ್ತಿದ್ದುದು ಸೀಡಿಯಲ್ಲಿ. ಸೀಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 700 ಎಂಬಿ. ಆಟಗಳು ದೊಡ್ಡದಾದಂತೆ 4.7 ಜಿಬಿ ಹಿಡಿಯುವ ಡಿವಿಡಿ ಬೇಕಾಯಿತು. ಡಿವಿಡಿ ಓದುವ ಕಣ್ಣು ಒಳಗಿದ್ದ ಮೇಲೆ ಸಿನಿಮಾ ತೋರಿಸುವುದಕ್ಕೆ ಇನ್ನೇನು ಅಡ್ಡಿ? 2000ದ ಮಾರ್ಚ್ 4ರಂದು ಜಪಾನಿನಲ್ಲಿ 39,800 ಯೆನ್‌ಗೆ ಇದು ಮಾರಾಟಕ್ಕೆ ಬಂದಾಗ, ಬರೀ ಡಿವಿಡಿ ಪ್ಲೇಯರ್ ಕೊಳ್ಳುವುದಕ್ಕಿಂತ ಇದೇ ವಾಸಿಯೆಂದು ಸಿನಿಮಾಕ್ಕಾಗಿಯೇ ಕೊಂಡವರು ಬಹಳ ಮಂದಿಯಂತೆ. ಮುಂದೆ ಲೋಕದಲ್ಲೆಲ್ಲ ಸೇರಿ 15 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅಂದರೆ ಆಟದ ಹೆಸರಿನಲ್ಲಿ ಸಿನಿಮಾ ಒಳಗೆ ಬಿಟ್ಟುಕೊಂಡ ಮನೆ ನಮ್ಮದೊಂದೇ ಅಲ್ಲ.

ಅಮ್ಮಿಗೆ ಬೇಕಾಗಿದ್ದದ್ದು ಒಂದೇ ಸಿನಿಮಾ, ‘ಮುಘಲ್-ಎ-ಆಜಮ್’. ಹನ್ನೆರಡು ಹದಿಮೂರರ ಹುಡುಗಿಯಾಗಿದ್ದಾಗ ಮಾಮೂ ಜೊತೆ ಶಿವಮೊಗ್ಗದಲ್ಲಿ ನೋಡಿದ್ದಳಂತೆ. ಮದುವೆಯಾದ ಮೇಲೆ ಟಾಕೀಸಿನ ಮೆಟ್ಟಿಲು ಹತ್ತಿದವಳಲ್ಲ. 1960ರ ಆ ಚಿತ್ರ 2004ರಲ್ಲಿ ಪೂರ್ತಿ ಬಣ್ಣ ಬಳಿಸಿಕೊಂಡು ಮತ್ತೆ ತೆರೆಗೆ ಬಂದಿತ್ತು, ಅದರ ಡಿವಿಡಿಯೂ ಸಿಗುತ್ತಿತ್ತು. ಬೆಂಗಳೂರಿಗೆ ಹೋದಾಗ ನಾವೇ ತಂದೆವು. ಜೊತೆಗೆ ಪೋರನಿಗೊಂದು ಇಂಗ್ಲಿಷ್ ಕಾರ್ಟೂನು.

ಕಾರ್ಟೂನು ಓಡಲಿಲ್ಲ. ಡಿವಿಡಿ ಮಾಡುವವರು ಲೋಕವನ್ನು ಆರು ವಲಯಗಳಾಗಿ ಹಂಚಿಕೊಂಡಿದ್ದರು. ಸೌದಿ ಎರಡನೆಯದರಲ್ಲಿ, ನಮ್ಮ ದೇಶ ಐದನೆಯದರಲ್ಲಿ. ಅಲ್ಲಿಂದ ಬಂದ ಪೆಟ್ಟಿಗೆಗೆ ಇಲ್ಲಿಯ ಅಂಕಿ ಒತ್ತಿದ ಡಿಸ್ಕು ಹಿಡಿಸಲಿಲ್ಲ. ಅಮ್ಮಿಯ ಸಿನಿಮಾಕ್ಕೆ ಆ ಕಟ್ಟುಪಾಡು ಇರಲಿಲ್ಲ. ಹಿಂದಿ ಡಿಸ್ಕುಗಳು ಹೆಚ್ಚಾಗಿ ಎಲ್ಲ ವಲಯಕ್ಕೂ ಸಲ್ಲುವಂಥವು. ‘ಪಾಸ್‌ಪೋರ್ಟ್ ಬೇಡದ ಡಿಸ್ಕು’ ಎಂದು ಭಾಬಿ ನಕ್ಕಳು.

ಸಿನಿಮಾ ಸುಮಾರು ಮೂರು ಗಂಟೆಯದು. ಅಬ್ಬಾ ಒಂದೂವರೆಯ ಜುಹರ್ ನಮಾಜಿಗೆ ಹೊರಟರೆ, ಗೆಳೆಯರೊಬ್ಬರ ಟೈಲರ್ ಅಂಗಡಿಯಲ್ಲಿ ಕೂತು, ಐದರ ಅಸರ್ ಮುಗಿಸಿಯೇ ಮನೆಗೆ ಬರುವುದು. ಲೆಕ್ಕ ಸರಿಹೋಯಿತು. ಬೀದಿಯ ಕಿಟಕಿ ಹಾಕಿ, ಸದ್ದು ತಗ್ಗಿಸಿ, ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ರಿಮೋಟು ಇರಲಿಲ್ಲ. ಆಟದ ಹಿಡಿಯ ಗುಂಡಿಗಳಲ್ಲೇ ನಿಲ್ಲಿಸುವುದು, ಓಡಿಸುವುದು. ಪೋರನೇ ಆಪರೇಟರ್. ನಮ್ಮದು ಬಾಗಿಲ ಕಾವಲು. ಗೇಟಿನ ಸದ್ದು ಕೇಳಿದರೆ ಟೀವಿಯ ಎವಿ ಗುಂಡಿ ಒತ್ತಬೇಕು. ಅಕ್ಬರ್ ಬಾದಶಹ ಹೋಗಿ ವಾರ್ತೆ ಓದುವವರು ಬರುತ್ತಾರೆ.

ಅಮ್ಮಿ ಮೂರು ಗಂಟೆ ಮಾತಾಡಲಿಲ್ಲ. ಮುಗಿದ ಮೇಲೆ, ‘ಆಗ ಇಷ್ಟೊಂದು ಬಣ್ಣ ಇರಲಿಲ್ಲ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಮತ್ತೊಮ್ಮೆ ಯಾವಾಗ ಹಾಕ್ತೀರಿ?’ ಎಂದು ಕೇಳಿದಳು.

ಹೀಗೆ ನಾಲ್ಕೈದು ತಿಂಗಳು ನಡೆಯಿತು. ನಮಗೆ ಅದೊಂದು ತಮಾಷೆ, ಸಣ್ಣ ಸಾಹಸ. ಅಮ್ಮಿಗೆ ಹಾಗಿರಲಿಲ್ಲ. ಬೀದಿಯಲ್ಲಿ ಚಪ್ಪಲಿ ಸದ್ದಾದರೂ ಅವಳ ಕಣ್ಣು ಪರದೆಯಿಂದ ಬಾಗಿಲಿಗೆ ಹಾರುತ್ತಿತ್ತು. ಐವತ್ತು ದಾಟಿದ ಹೆಂಗಸು, ತಾನೇ ಮೂವತ್ತೇಳು ವರ್ಷ ಗುಡಿಸಿ ಒರೆಸಿದ ಮನೆಯಲ್ಲಿ ಕಳ್ಳಿಯಂತೆ ಕೂತಿದ್ದಳು. ಇದು ನಮಗೆ ಅಂದು ಕಾಣಿಸಲಿಲ್ಲ.

ಆ ವರ್ಷ ರಂಜಾನ್ ಹತ್ತಿರ ಬಂದಾಗ ತಂಗಿ ತೌರಿಗೆ ಬಂದಳು. ಜೊತೆಗೆ 2003ರ ತನ್ನ ಮದುವೆಯ ಎರಡು ಡಿಸ್ಕು ತಂದಿದ್ದಳು. ಆ ಮದುವೆಗೆ ವಿಡಿಯೋದವನನ್ನು ಕರೆಸಿದ್ದು ಬೀಗರು. ಅಬ್ಬಾ ಮುಖ ಗಂಟು ಹಾಕಿಕೊಂಡು ಸುಮ್ಮನಿದ್ದರು. ‘ದಾದಿಯೂ ಇದ್ದಾರೆ ಇದರಲ್ಲಿ’ ಎಂದಳು ತಂಗಿ. ನಮ್ಮ ದಾದಿ, ಅಬ್ಬಾರ ತಾಯಿ, ಹಿಂದಿನ ವರ್ಷ ತೀರಿಕೊಂಡಿದ್ದರು. ಫೋಟೋ ತೆಗೆಸುವುದು ಅಬ್ಬಾರಿಗೂ ಬೇಡ, ದಾದಿಗೂ ಬೇಡ. ಅವರದೆಂದು ಉಳಿದಿದ್ದ ಚಿತ್ರ ಮತದಾರರ ಚೀಟಿಯ ಮೇಲಿನ ಒಂದು ಕಪ್ಪು ಕಲೆ. ಅದರಲ್ಲಿ ಅವರನ್ನು ನಾವೇ ಗುರುತು ಹಿಡಿಯಲಾರೆವು.

ಪೆಟ್ಟಿಗೆಗೆ ಹಾಕಿದರೆ ಏನೂ ಬರಲಿಲ್ಲ. ಅವು ವಿಸಿಡಿಗಳು. ಸೀಡಿಯ ಮೇಲೆ ಹಳೆಯ ಕ್ರಮದಲ್ಲಿ ಚಿತ್ರ ತುಂಬಿದವು, ಒಂದಕ್ಕೆ ಹೆಚ್ಚೆಂದರೆ 80 ನಿಮಿಷ. ನಮ್ಮ ಊರುಗಳ ಮದುವೆಗಳೆಲ್ಲ ಆಗ ಇರುತ್ತಿದ್ದುದು ಅದರಲ್ಲೇ. ಪ್ಲೇಸ್ಟೇಷನ್ 2 ಡಿವಿಡಿ ಓದುತ್ತದೆ, ಹಾಡಿನ ಸೀಡಿ ಓದುತ್ತದೆ, ವಿಸಿಡಿ ಓದುವುದಿಲ್ಲ. ಬಾದಶಹರ ಅರಮನೆಯನ್ನು ತೋರಿಸುವ ಯಂತ್ರಕ್ಕೆ ನಮ್ಮ ಮನೆಯ ಚಪ್ಪರವನ್ನು ತೋರಿಸಲಾಗಲಿಲ್ಲ. ಸ್ಟುಡಿಯೋದವನ ಹತ್ತಿರ ಒಯ್ದು, ಎರಡನ್ನೂ ಒಂದು ಡಿವಿಡಿಗೆ ಇಳಿಸಿಕೊಡು ಎಂದೆವು. ವಾರ ಬಿಟ್ಟು ಕೊಟ್ಟ.

ಅದನ್ನು ಕದ್ದು ನೋಡುವುದು ನಮಗ್ಯಾರಿಗೂ ಸರಿ ಕಾಣಲಿಲ್ಲ. ರಾತ್ರಿ ಊಟವಾದ ಮೇಲೆ ತಂಗಿಯೇ ಅಬ್ಬಾರಿಗೆ ಹೇಳಿದಳು. ಅಬ್ಬಾ ಉತ್ತರ ಕೊಡಲಿಲ್ಲ, ಎದ್ದೂ ಹೋಗಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆಗೆ ಅರ್ಧ ತಿರುಗಿಸಿಕೊಂಡು ಕೂತರು. ಚಪ್ಪರ, ಬಿರಿಯಾನಿಯ ದೇಗ, ಶೇರವಾನಿಯ ಮದುಮಗ ಎಲ್ಲ ಸರಿದುಹೋದವು. ಆಮೇಲೆ ಅಡುಗೆಮನೆಯ ಬಾಗಿಲು. ಅಲ್ಲಿ ಮಣೆಯ ಮೇಲೆ ಕೂತು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಿದ್ದ ದಾದಿ. ಲೈಟು ಕಣ್ಣಿಗೆ ಬಿದ್ದದ್ದೇ ಸೆರಗು ಎಳೆದುಕೊಂಡರು. ಕೈಯಲ್ಲಿ ಆಚೆ ಹೋಗು ಎಂದರು. ಕ್ಯಾಮೆರಾ ಕದಲದಿದ್ದಾಗ, ಸೆರಗಿನ ಒಳಗಿಂದಲೇ ಅದರ ಹಿಂದಿದ್ದವನನ್ನು ಕೇಳಿದರು: ‘ಸಬ್ ಜನೇ ಖಾಲಿಯೇ ಕ್ಯಾ? ತೂ ಖಾಯಾ?’ ಎಲ್ಲರದೂ ಊಟವಾಯಿತೇ, ನಿನ್ನದಾಯಿತೇ ಎಂದು. ಅಷ್ಟೇ.

ಅಬ್ಬಾ ಕುರ್ಚಿ ತಿರುಗಿಸಿಕೊಂಡರು. ‘ಹಿಂದಕ್ಕೆ ಹೋಗುತ್ತದೆಯೇ ಇದು?’

ಪೋರ ಹಿಂದಕ್ಕೆ ಓಡಿಸಿದ. ಮತ್ತೆ ಸೆರಗು, ಮತ್ತೆ ಅದೇ ಮಾತು. ನಾಲ್ಕನೆಯ ಸಲ ಅಬ್ಬಾ ತಾವೇ ಹಿಡಿಯನ್ನು ಕೈಗೆ ತೆಗೆದುಕೊಂಡು, ಯಾವ ಗುಂಡಿ ಎಂದು ಮೊಮ್ಮಗನಿಂದ ಕೇಳಿ ಒತ್ತಿದರು. ಎಷ್ಟು ಸಲ ನೋಡಿದರೋ ಲೆಕ್ಕ ಇಡಲಿಲ್ಲ. ಕೊನೆಗೆ ಕನ್ನಡಕ ಒರೆಸಿಕೊಂಡು, ಯಾರೂ ಕೇಳದಿದ್ದರೂ ಹೇಳಿದರು: ‘ಇದು ಸಿನಿಮಾ ಅಲ್ಲ.’

ಬಾಗಿಲ ಬಳಿ ನಿಂತಿದ್ದ ಅಮ್ಮಿ ಮೆಲ್ಲಗೆ ಅಂದಳು: ‘ನಿಮ್ಮ ಅಮ್ಮ ಬಂದರೆ ಸಿನಿಮಾ ಅಲ್ಲ. ನಾನು ನೋಡಿದರೆ ಸಿನಿಮಾ. ಅಲ್ಲವಾ ಜೀ?’

ನಮಗೆ ಎದೆ ಧಸಕ್ಕೆಂದಿತು. ಅಬ್ಬಾ ರೇಗಲಿಲ್ಲ. ಪೆಟ್ಟಿಗೆಯ ಕಡೆ ಬೆರಳು ತೋರಿಸಿ, ‘ನಾನು ಬಂದಾಗಲೆಲ್ಲ ಟೀವಿಯಲ್ಲಿ ವಾರ್ತೆ, ಇದರ ಮೂಗಿನಲ್ಲಿ ಮಾತ್ರ ಹಸಿರು ದೀಪ. ಮೇಷ್ಟರ ಕಣ್ಣು ಅಷ್ಟೂ ಮಂದವೇ?’ ಎಂದರು. ಆಮೇಲೆ, ‘ನನ್ನನ್ನು ಒಂದು ಮಾತು ಕೇಳಬಹುದಿತ್ತು’ ಎಂದರು.

‘ಕೇಳಿದ್ದರೆ?’ ಎಂದಳು ಅಮ್ಮಿ.

ಅಬ್ಬಾರ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಬೇಡ ಎನ್ನುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಕತೆ ಬರೆಯುವ ನಾವು, ಹೆಣ್ಣುಮಕ್ಕಳ ಬಾಯಿಲ್ಲದ ದುಃಖದ ಬಗ್ಗೆ ಅಷ್ಟು ಹೊತ್ತಿಗೆ ನಾಲ್ಕಾರು ಕತೆ ಅಚ್ಚು ಹಾಕಿಸಿದ್ದೆವು. ನಮ್ಮ ಅಮ್ಮಿಗೆ ಒಂದು ಸಿನಿಮಾ ನೋಡುವ ಆಸೆ ಇದೆ ಎಂದು ಅಬ್ಬಾರ ಎದುರು ಒಂದು ವಾಕ್ಯ ಹೇಳುವ ಧೈರ್ಯ ನಮಗೆ ಬಂದಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಒಂದು ಸುಖವನ್ನು ತಂದುಕೊಟ್ಟು, ಉಪಕಾರ ಮಾಡಿದೆವೆಂದು ಬೀಗಿದೆವು. ಕದ್ದು ಕೊಟ್ಟ ಸುಖದ ಜೊತೆ ಕಳ್ಳತನದ ಅಳುಕನ್ನೂ ಅವಳ ಮಡಿಲಿಗೆ ಹಾಕಿದ್ದೆವು. ಅಂಕುಶ ಹಿಡಿದವರು ಅಬ್ಬಾ ನಿಜ, ಅದನ್ನು ಪ್ರಶ್ನಿಸದೆ ಸುತ್ತಿ ಬಳಸಿ ನಡೆದವರು ನಾವು. ನಮ್ಮ ಮನೆಗಳಲ್ಲಿ ಎಷ್ಟೋ ಸಂಗತಿಗಳು ಹೀಗೇ ನಡೆಯುತ್ತವೆ. ಗಂಡಸರು ಬೇಡ ಎನ್ನುತ್ತಾರೆ, ಹೆಂಗಸರು ಮರೆಯಲ್ಲಿ ಮಾಡಿಕೊಳ್ಳುತ್ತಾರೆ, ಮಕ್ಕಳು ಕಾವಲು ಕಾಯುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ಮನೆ ಶಾಂತವಾಗಿದೆ ಎಂದುಕೊಳ್ಳುತ್ತೇವೆ.

ಈದ್ ಕಳೆದು ಒಂದು ಭಾನುವಾರ ಅಬ್ಬಾ ತಿಂಡಿ ಮುಗಿಸಿ ಪೋರನನ್ನು ಕರೆದರು. ‘ನಿನ್ನ ದಾದಿಮಾಳ ಪಿಕ್ಚರ್ ಹಾಕು. ಸದ್ದು ಜಾಸ್ತಿ ಇಡು’ ಎಂದು ಹೇಳಿ, ಪತ್ರಿಕೆ ಹಿಡಿದು ಜಗುಲಿಗೆ ಹೋದರು. ಒಳಗೆ ಬರಲಿಲ್ಲ. ಅಮ್ಮಿ ನಡುಮನೆಯ ಬಾಗಿಲು ಹಾಕಲೂ ಇಲ್ಲ. ಸ್ವಲ್ಪ ಹೊತ್ತಿಗೆ ಪತ್ರಿಕೆಯ ಹಾಳೆ ಮಗುಚುವ ಸದ್ದು ನಿಂತಿತು. ಮಧ್ಯದಲ್ಲೊಮ್ಮೆ ಜಗುಲಿಯಿಂದ, ‘ಕೇಳಿ, ಖಾಫ್ ಅಕ್ಷರವನ್ನು ಹೀಗೆ ಗಂಟಲಿನಿಂದ ಹೇಳಬೇಕು. ನೀವೆಲ್ಲ ಖ ಖ ಅಂತೀರಿ’ ಎಂದು ಮೇಷ್ಟರ ದನಿ ಬಂತು. ಅಮ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಬ್ಬಾ ಕೊನೆಯವರೆಗೂ ಪರದೆಯ ಮುಂದೆ ಕೂತು ಸಿನಿಮಾ ನೋಡಲಿಲ್ಲ. ಅದು ಅವರ ನಂಬಿಕೆ, ಅದನ್ನು ಅವರು ತಮ್ಮ ಮಟ್ಟಿಗೆ ಇಟ್ಟುಕೊಂಡರು. ಅಮ್ಮಿಯ ಮೇಲೆ ಹೇರುವುದನ್ನು ಮಾತ್ರ ಬಿಟ್ಟರು. ಆ ಮನೆಯಲ್ಲಿ ಅಷ್ಟಾದದ್ದೂ ಸಣ್ಣದಲ್ಲ.

ಈಗ ಅಬ್ಬಾ ಇಲ್ಲ. ಪೋರ ಇಂಜಿನಿಯರ್ ಆಗಿ ದೂರದಲ್ಲಿದ್ದಾನೆ. ಆ ಪೆಟ್ಟಿಗೆಯನ್ನು ತಯಾರಿಸುವುದನ್ನು ಕಂಪನಿ 2013ರ ಹೊತ್ತಿಗೆ ನಿಲ್ಲಿಸಿತು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಒಂದು ಮಾದರಿಯಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲ. ನಮ್ಮ ಹೊಸ ಟೀವಿಯಲ್ಲಿ ಹಳದಿ, ಬಿಳಿ, ಕೆಂಪು ತೂತುಗಳೂ ಇಲ್ಲ. ಮನೆಯಲ್ಲಿ ಬರೆಸಿದ ಡಿಸ್ಕುಗಳು ವರ್ಷ ಕಳೆದಂತೆ ಒಳಗಿಂದ ಮಾಸುತ್ತವೆ ಎಂದು ತಿಳಿದ ಮೇಲೆ, ಮದುವೆಯ ಡಿವಿಡಿಯನ್ನು ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದೇವೆ. ಆದರೂ ಪೆಟ್ಟಿಗೆ ಎಸೆದಿಲ್ಲ. ಅಮ್ಮಿಯ ಕಪಾಟಿನಲ್ಲಿ, ಅಬ್ಬಾರ ಶೇರವಾನಿಯ ಕೆಳಗಿನ ಅರೆಯಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಇದೆ.

ಅಮ್ಮಿ ಈಗ ಫೋನಿನಲ್ಲಿ ಬೇಕಾದ್ದು ನೋಡುತ್ತಾಳೆ. ಮೊನ್ನೆ ನಾವು ಒಳಗೆ ಹೋದಾಗ, ಸದ್ದು ಕೇಳಿ ಅವಳ ಬೆರಳು ತಟ್ಟನೆ ಪರದೆಯ ಮೇಲೆ ಹೋಯಿತು, ಚಿತ್ರ ನಿಂತಿತು. ‘ಯಾಕಮ್ಮಿ, ನಾವೇ’ ಎಂದೆವು. ಅವಳು ನಾಚಿ ನಕ್ಕಳು, ‘ಅಭ್ಯಾಸ’ ಎಂದಳು. ಈ ಅಭ್ಯಾಸದಲ್ಲಿ ನಮ್ಮ ಪಾಲೂ ಇದೆ. ನಾವು ಪಕ್ಕದಲ್ಲಿ ಕೂತು, ಮೊದಲಿನಿಂದ ಹಾಕು ಎಂದೆವು.