ದಾದಿಯ ಹೆಜ್ಜೆಗೆ ಒಂದು ಕಲ್ಲುದಾರಿ

ನಮ್ಮ ಮನೆಯ ಹಿಂಬಾಗಿಲಿನಿಂದ ಪೇರಲೆ ಮರದ ಕೆಳಗಿನ ನೀರಿನ ತೊಟ್ಟಿಗೆ 22 ಅಡಿ. ನನಗೆ ಅದು 11 ಹೆಜ್ಜೆ, ನನ್ನ ದಾದಿಗೆ 23. ನಾಲ್ಕು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ಈ ಲೆಕ್ಕ ನನಗೆ ಗೊತ್ತಿರಲಿಲ್ಲ.

ಕಳೆದ ಜುಲೈ ಮಳೆಯಲ್ಲಿ ದಾದಿ ಅದೇ ಜಾಗದಲ್ಲಿ ಪಾಚಿಯ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಕೈ ಸರಿಹೋಯಿತು, ಆದರೆ ಹಿತ್ತಲಿಗೆ ಹೋಗುವುದು ನಿಂತಿತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬೆಳಗಿನ ವುಝೂವನ್ನು ಅವರು ತೊಟ್ಟಿಯ ಬಳಿಯೇ ಮಾಡುತ್ತಿದ್ದರು. ಈಗ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಾಡುತ್ತಾರೆ. ಬೇಸರವೆಂದು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ದಿನದ ಬಹುಪಾಲು ಹಿಂಬಾಗಿಲಿನ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತಿದ್ದರು. ಅಬ್ಬಾ, "ಪೂರಾ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿಬಿಡೋಣ" ಎಂದರು. ಹಾಗೆ ಮಾಡಿದರೆ ದಾದಿ ನೆಟ್ಟ ಮಲ್ಲಿಗೆ ಬಳ್ಳಿ, ಪುದೀನ ಎಲ್ಲವೂ ಹೋಗುತ್ತಿದ್ದವು.

ಅದೇ ದಿನಗಳಲ್ಲಿ ನಾನು ಜಪಾನಿನ ತೋಟಗಳ ಬಗ್ಗೆ ಓದುತ್ತಿದ್ದೆ. ಅಲ್ಲಿ ಚಹಾಮನೆಗೆ ಹೋಗುವ ದಾರಿಯ ತೋಟಕ್ಕೆ 'ರೋಜಿ' ಎನ್ನುತ್ತಾರೆ, ಇಬ್ಬನಿಯ ನೆಲ ಎಂಬ ಅರ್ಥ ಬರುವ ಹೆಸರು. ಅಲ್ಲಿ ಬಿಡಿಬಿಡಿಯಾಗಿ ಹೂತ ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಡಬೇಕು. ಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಬೆರಳಿನಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ಸಂದು. ಕಿಮೋನೊ ಉಟ್ಟವರ ಹೆಜ್ಜೆ ಚಿಕ್ಕದು, ಅದಕ್ಕೆ ತಕ್ಕ ಅಳತೆ. ದಾರಿ ಕವಲೊಡೆಯುವಲ್ಲಿ ಉಳಿದವಕ್ಕಿಂತ ದೊಡ್ಡ ಕಲ್ಲು ಇರುತ್ತದೆ. ಅದರ ಮೇಲೆ ಎರಡೂ ಕಾಲೂರಿ ನಿಂತು, ತಲೆಯೆತ್ತಿ ಸುತ್ತ ನೋಡಬಹುದು. ನಡೆಯುವವರು ಎಲ್ಲಿ ನೆಲ ನೋಡಬೇಕು, ಎಲ್ಲಿ ಮರ ನೋಡಬೇಕು ಎಂಬುದನ್ನು ಕಲ್ಲು ಇಟ್ಟವನೇ ತೀರ್ಮಾನಿಸಿರುತ್ತಾನೆ.

ಚಹಾಗುರು ಸೆನ್ ನೊ ರಿಕ್ಯೂ (1522–1591) ಕಲ್ಲು ಇಡುವಾಗ ನಡಿಗೆಗೆ ಆರು ಪಾಲು, ನೋಟಕ್ಕೆ ನಾಲ್ಕು ಪಾಲು ಕೊಡುತ್ತಿದ್ದನಂತೆ. ಅವನ ಶಿಷ್ಯ ಫುರುತಾ ಒರಿಬೆ ಅದನ್ನು ತಿರುಗಿಸಿ ನಡಿಗೆಗೆ ನಾಲ್ಕು, ನೋಟಕ್ಕೆ ಆರು ಎಂದನೆಂದು ಹೇಳುತ್ತಾರೆ. ನನಗೆ ಗುರುವೇ ಹೆಚ್ಚು ಇಷ್ಟವಾದ. ಕೈ ಮುರಿದುಕೊಂಡವರು ಮನೆಯಲ್ಲಿದ್ದರೆ ನಿಮಗೂ ಹಾಗೇ ಅನಿಸುತ್ತದೆ.

ಮೊದಲು ದಾದಿಯ ಹೆಜ್ಜೆ ಅಳೆಯಬೇಕಿತ್ತು. ಅಂಗಳದಲ್ಲಿ ಜರಡಿ ಹಿಡಿದ ಒದ್ದೆ ಮರಳು ಹರಡಿ, ಅಮ್ಮಿ ಒಂದು ಕಡೆ, ನಾನೊಂದು ಕಡೆ ನಿಂತು ಅವರನ್ನು ನಡೆಸಿದೆವು. ಎಡಗಾಲು ಮುಂದಿಟ್ಟಾಗ 13 ಇಂಚು, ಬಲಗಾಲು ಇಟ್ಟಾಗ 10 ಇಂಚು. ಬಲ ಮಂಡಿ ಇಷ್ಟು ನೋಯುತ್ತದೆಂದು ಅವರು ನಮಗೆ ಹೇಳಿಯೇ ಇರಲಿಲ್ಲ, ಮರಳು ಹೇಳಿತು. ಹೆಜ್ಜೆ ಗುರುತುಗಳ ಪಕ್ಕದಲ್ಲಿ ಕೋಲಿನ ಗುಂಡನೆಯ ತೂತುಗಳೂ ಸಾಲಾಗಿದ್ದವು.

ರಟ್ಟಿನ ಡಬ್ಬಗಳನ್ನು ಕಲ್ಲಿನ ಆಕಾರಕ್ಕೆ ಕತ್ತರಿಸಿ ನೆಲದಲ್ಲಿ ಜೋಡಿಸಿದೆ. ಜಪಾನಿನಲ್ಲಿ 'ಚಿದೋರಿ' ಎಂಬ ಕ್ರಮವಿದೆ, ದಡದ ಹಕ್ಕಿ ಮರಳಿನ ಮೇಲೆ ನಡೆದ ಹಾಗೆ ಎಡಕ್ಕೊಂದು ಬಲಕ್ಕೊಂದು ಕಲ್ಲು. ನೋಡಲು ಬಹಳ ಚೆನ್ನಾಗಿತ್ತು. ದಾದಿ ಮೂರನೇ ರಟ್ಟಿನ ಮೇಲೆ ನಿಂತು ಕೇಳಿದರು: "ನನ್ನ ಕೋಲಿಗೆ ಕಲ್ಲು ಎಲ್ಲಿದೆ ಬೇಟಾ?"

ಹೌದಲ್ಲ. ಬಿಡಿ ಕಲ್ಲಿನ ದಾರಿ ಎರಡು ಕಾಲಿನವರಿಗೆ ಮಾಡಿದ್ದು. ಕೋಲು ಹಿಡಿದವರಿಗೆ ಮೂರು ಕಾಲು. ಆ ಮೂರನೆಯದು ಸಂದಿನ ಹಸಿ ಮಣ್ಣಿಗೆ ಇಳಿದರೆ ಏನಾಗುತ್ತದೆಂದು ಭೌತಶಾಸ್ತ್ರದ ಲೆಕ್ಚರರ್ ಅವರನ್ನು ಕೇಳಬೇಕಾಗಿಲ್ಲ.

ಉತ್ತರವೂ ಜಪಾನಿನಲ್ಲೇ ಸಿಕ್ಕಿತು. ಬಿಡಿ ಕಲ್ಲುಗಳಲ್ಲದೆ 'ನೊಬೆದಾನ್' ಎಂಬ ಇನ್ನೊಂದು ಬಗೆಯಿದೆ. ಅದು ಕಲ್ಲುಗಳನ್ನು ಒತ್ತಾಗಿ ಜೋಡಿಸಿದ ಉದ್ದನೆಯ ಪಟ್ಟಿ. ಬರೀ ಕಡಿದ ಕಲ್ಲಿನದಾದರೆ 'ಶಿನ್', ಬರೀ ಕಾಡುಕಲ್ಲಿನದಾದರೆ 'ಸೋ', ಎರಡೂ ಬೆರೆತರೆ 'ಗ್ಯೋ'. ನಾನು ಬೆರಕೆಯನ್ನೇ ಆರಿಸಿದೆ. ಎರಡೂವರೆ ಅಡಿ ಅಗಲ. ನಡುವೆ ನೇರವಾದ ಕಡಿದ ಕಲ್ಲು, ಅಂಚಿಗೆ ಹೊಳೆಯ ಕಲ್ಲು. ಕಣ್ಣು ಮಂಜಾದವರಿಗೆ ಅಂಚಿನ ಬೇರೆ ಬಣ್ಣ ಗೊತ್ತಾಗುತ್ತದೆ, ಕೋಲಿಗೂ ಗೊತ್ತಾಗುತ್ತದೆ.

ಅಬ್ಬಾ ಪಾಲಿಶ್ ಗ್ರಾನೈಟಿನ ತುಂಡುಗಳು ಪುಕ್ಕಟೆ ಸಿಗುತ್ತವೆ ಎಂದರು. ಮಳೆಯಲ್ಲಿ ಅದಕ್ಕಿಂತ ಜಾರುವುದು ಇನ್ನೊಂದಿಲ್ಲ. ಕೊನೆಗೆ ಪಕ್ಕದ ಬೀದಿಯಲ್ಲಿ ಕೆಡವಿದ ಹಳೆಯ ಮನೆಯೊಂದರ ಚಪ್ಪಡಿಗಳು ಸಿಕ್ಕವು, ಉಳಿಯ ಗುರುತು ಇನ್ನೂ ಮಾಸದ ಒರಟು ಕಲ್ಲುಗಳು. ಮೇಸ್ತ್ರಿ ಎರಡು ದಿನ ಬಂದರು. ಮಣ್ಣು ತೆಗೆದು, ಜಲ್ಲಿ ಹಾಕಿ, ದಮ್ಮಸು ಹೊಡೆದು, ಮರಳು ಹಾಸಿ ಕಲ್ಲು ಕೂರಿಸಿದರು. ಅವರು ರಸಮಟ್ಟ ಇಟ್ಟು ಸಮ ಮಾಡಲು ಹೊರಟಾಗ ನಾನು, ನೀರು ಹರಿಯಲು ಒಂದು ಬದಿಗೆ ಸ್ವಲ್ಪ ವಾಟ ಬೇಕು ಎಂದೆ. "ಅದು ನನಗೂ ಗೊತ್ತಮ್ಮ" ಎಂದು ನಕ್ಕರು.

ನನಗೆ ಬಹಳ ಹಿಡಿಸಿದ್ದ ಇನ್ನೊಂದು ಸಂಗತಿಯಿತ್ತು. ಜಪಾನಿನ ತೋಟಗಳಲ್ಲಿ ಹಳೆಯ ಬೀಸುಕಲ್ಲನ್ನು ಎಸೆಯದೆ ಹೆಜ್ಜೆಕಲ್ಲಾಗಿ ಹೂಳುತ್ತಾರೆ. ನಮ್ಮಲ್ಲೂ ಒಂದು ಬೀಸುಕಲ್ಲು ಅಟ್ಟದ ಕೆಳಗೆ ಧೂಳು ತಿನ್ನುತ್ತಿತ್ತು. ಮಲ್ಲಿಗೆಯ ಬಳಿ, ನಿಂತು ನೋಡುವ ಜಾಗಕ್ಕೆ ಅದನ್ನು ಇಡೋಣ ಎಂದುಕೊಂಡಿದ್ದೆ. ದಾದಿ ಒಪ್ಪಲಿಲ್ಲ. "ಹಿಟ್ಟು ಬೀಸಿದ ಕಲ್ಲಿಗೆ ಕಾಲಿಡುವುದಾ? ನಿಮ್ಮ ಅಬ್ಬಾ ಇದರ ಹಿಟ್ಟು ತಿಂದು ಬೆಳೆದವನು." ಜಪಾನಿನವರಿಗೆ ಗೌರವವಾದದ್ದು ನಮ್ಮ ಮನೆಯಲ್ಲಿ ಅಗೌರವ. ನಾನು ವಾದಿಸಲಿಲ್ಲ.

ಬೀಸುಕಲ್ಲಿಗೆ ಬೇರೆ ಜಾಗ ಸಿಕ್ಕಿತು. ಚಹಾತೋಟದಲ್ಲಿ ಅತಿಥಿಗಳು ಒಳಗೆ ಹೋಗುವ ಮುನ್ನ ಕಲ್ಲಿನ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ತೊಳೆದು ಬಾಯಿ ಮುಕ್ಕಳಿಸುತ್ತಾರೆ. ಅದರ ಹೆಸರು 'ತ್ಸುಕುಬಾಯ್', ಕುಕ್ಕರಿಸುವುದು ಎಂಬ ಮಾತಿನಿಂದಲೇ ಬಂದದ್ದು. ಓದುವಾಗ ನನಗೆ ನಮ್ಮ ತೊಟ್ಟಿಯೇ ಕಣ್ಣಿಗೆ ಬಂತು. ಬೋಗುಣಿಯ ಎರಡು ಪಕ್ಕದಲ್ಲಿ ಎರಡು ಕಲ್ಲುಗಳಿರುತ್ತವೆ: ಒಂದು ಚಳಿಗಾಲದಲ್ಲಿ ಬಿಸಿನೀರಿನ ಪಾತ್ರೆ ಇಡಲು, ಇನ್ನೊಂದು ರಾತ್ರಿ ಕೈದೀಪ ಇಡಲು. ಬಂದವರ ಕೈ ಸೇದಿಹೋಗಬಾರದು, ಕತ್ತಲಲ್ಲಿ ತಡವರಿಸಬಾರದು ಎಂದು ಎಷ್ಟೋ ಕಾಲದ ಹಿಂದೆ ಯಾರೋ ಯೋಚಿಸಿದ್ದಾರೆ. ಈಗ ನಮ್ಮ ತೊಟ್ಟಿಯ ಬಲಕ್ಕೆ ಬೀಸುಕಲ್ಲು ಇದೆ, ಅದರ ಮೇಲೆ ಬಿಸಿನೀರಿನ ಬಕೆಟ್. ಕುಕ್ಕರಿಸಲು ಆಗದ ದಾದಿಗೆ ಮೇಸ್ತ್ರಿ ಮಂಡಿಯೆತ್ತರದ ಕಟ್ಟೆ ಕಟ್ಟಿಕೊಟ್ಟರು.

ಪಾಚಿಯ ವಿಷಯದಲ್ಲಿ ಮಾತ್ರ ನಾನು ಜಪಾನಿನ ಮಾತು ಕೇಳಲಿಲ್ಲ. ಕ್ಯೋಟೋದ ಸೈಹೋಜಿಯಲ್ಲಿ ಸುಮಾರು 120 ಬಗೆಯ ಪಾಚಿಗಳನ್ನು ಮಕ್ಕಳಂತೆ ಸಾಕುತ್ತಾರೆ. ನಮ್ಮ ಮಲೆನಾಡಿನಲ್ಲಿ ಸಾಕುವುದು ಬೇಡ, ಬೇಡವೆಂದರೂ ಬರುತ್ತದೆ. ಅಂಚಿನಾಚೆ ಇರಲಿ ಎಂದು ಬಿಟ್ಟಿದ್ದೇನೆ. ಕಲ್ಲಿನ ಮೇಲಿನದನ್ನು ಭಾನುವಾರ ಭಾನುವಾರ ತೆಂಗಿನ ನಾರಿನಲ್ಲಿ ಉಜ್ಜುವುದು ನನ್ನ ಪಾಲಿನ ಕೆಲಸ.

ಮಲ್ಲಿಗೆ ದಾಟಿದ ಮೇಲೆ ಇಂಗುಗುಂಡಿಯ ಕಡೆ ಹೋಗುವ ಹಳೆಯ ಕಾಲುದಾರಿ ಇದೆ. ಅಲ್ಲಿ ಗೇಟು, ತಂತಿ ಏನೂ ಹಾಕದೆ, ಮುಷ್ಟಿಗಿಂತ ದೊಡ್ಡ ಗುಂಡುಕಲ್ಲಿಗೆ ಕಪ್ಪು ಹಗ್ಗ ಸುತ್ತಿ ಇಟ್ಟಿದ್ದೇನೆ. ಜಪಾನಿನಲ್ಲಿ ಅದರ ಅರ್ಥ, ದಯವಿಟ್ಟು ಈ ಕಡೆ ಬೇಡ. ನನ್ನ ತಮ್ಮನಿಗೆ ಅದು ಅರ್ಥವಾಗಿಲ್ಲ, ಎರಡು ಬಾರಿ ಕ್ರಿಕೆಟ್ ವಿಕೆಟ್ ಆಗಿದೆ. ದಾದಿಗೆ ಮಾತ್ರ ಯಾರೂ ಹೇಳದೆಯೇ ಅರ್ಥವಾಯಿತು.

ದಾರಿ ಮುಗಿದು ಮೂರು ವಾರವಾಯಿತು. ಮೊದಲ ವಾರ ಅಮ್ಮಿ ಕೈ ಹಿಡಿದು ಜೊತೆಗೆ ಹೋಗುತ್ತಿದ್ದರು. ಈಗ ಬಾಗಿಲಲ್ಲಿ ನಿಂತು ನೋಡುತ್ತಾರೆ. ಕೋಲಿನ ಸದ್ದು ಮಲ್ಲಿಗೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ.

ಬಾಕಿ ಇರುವುದು ದೀಪದ ಕಲ್ಲೊಂದೇ. ಬೆಳಗಿನ ಜಾವ ದಾದಿ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ತೊಳೆಯುತ್ತಾರೆ, ನೋಡಲು ಭಯವಾಗುತ್ತದೆ. ಯಾರ ಮನೆಯಲ್ಲಾದರೂ ಒಂದೂವರೆ ಅಡಿ ಎತ್ತರದ, ತಲೆ ಚಪ್ಪಟೆಯಾಗಿರುವ ಕಲ್ಲು ಬೇಡವಾಗಿ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ದ್ವಿತೀಯ ಪಿಯುಸಿ ವಿಜ್ಞಾನ 'ಬಿ' ವಿಭಾಗ, ಕಿಟಕಿಯ ಪಕ್ಕದ ಮೂರನೇ ಬೆಂಚು. ಸಾಗಿಸಲು ತಮ್ಮನನ್ನೂ ಕೈಗಾಡಿಯನ್ನೂ ಕರೆತರುತ್ತೇನೆ.