ಬಂಡೆ ಕರಗುವ ಊರು

ಯಾಣಕ್ಕೆ ಹೋಗುವುದಿದ್ದರೆ ಶಿವರಾತ್ರಿಗಿಂತ ಮೊದಲು, ಧನುರ್ಮಾಸದಲ್ಲಿ ಹೋಗಬೇಕು. ಅಷ್ಟರಲ್ಲಿ ಮಳೆಗಾಲದ ಉಂಬಳದ ಕಾಟ ಮುಗಿದಿರುತ್ತದೆ, ಜಾತ್ರೆಯ ಜನ ಇನ್ನೂ ಬಂದಿರುವುದಿಲ್ಲ. ಹಳ್ಳ ದಾಟುವುದಕ್ಕೆ ಸಂಕವೂ ಬೇಡ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟರೆ ಸಾಕು. ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕ ಇದ್ದವ ಗೋಕರ್ಣಕ್ಕೆ ಹೋಗ್ತಾನೆ ಎಂಬ ಗಾದೆ, ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆದೇ ಬರಬೇಕಿದ್ದ ಕಾಲದ್ದು. ಈಗ ರಸ್ತೆ ಬಂಡೆಯ ಹತ್ತಿರದವರೆಗೂ ಬಂದಿದೆ. ಬಂದದ್ದು ಒಳ್ಳೆಯದೇ ಆಯಿತು. ಹುಷಾರಿಲ್ಲದವರನ್ನು ಕಂಬಳಿಯಲ್ಲಿ ಹೊತ್ತು ಕಾಡು ದಾಟಿಸಬೇಕಿದ್ದ ದಿನಗಳನ್ನು ಚೆಂದದ ಹಳೆಯ ಕಾಲವೆಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಕೊನೆಯ ಹಾದಿಯನ್ನು ನಡೆದೇ ಹೋಗುತ್ತೇನೆ. ಬಂಡೆಗೆ ಬಂದವರ ಕಣ್ಣಿಗೆ ಊರು ಬೀಳುವುದು ಹಾಗೆ ನಡೆದಾಗ ಮಾತ್ರ.

ಊರೆಂದರೆ ಸಾಲುಮನೆಗಳ ಕೇರಿಯಲ್ಲ. ತೋಟಕ್ಕೊಂದು ಮನೆ, ಎರಡು ಮನೆಗಳ ನಡುವೆ ಒಂದು ಗುಡ್ಡ. ಚಿರೆಕಲ್ಲಿನ ಪಾಗಾರದ ಮೇಲೆ ಮಳೆಗಾಲದ ಪಾಚಿ ಒಣಗಿ ಕಂದಾಗಿದೆ. ಅಂಗಳಕ್ಕೆ ಹತ್ತುವ ಮೆಟ್ಟಿಲು ಕಲ್ಲು, ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಹಾದಿಯಂಚಿನ ಮರದ ಬುಡದಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತ ಚೌಡಿಯೂ ಒಂದು ಕಲ್ಲು. ಬಚ್ಚಲ ಒಲೆಯ ಹೊಗೆ ಹೆಂಚಿನ ಮೇಲೆ ಏಳದೆ ತೋಟದೊಳಗೇ ಸುಳಿಯುತ್ತಿರುತ್ತದೆ.

ಬಂಡೆ ಎದುರಾಗುವುದು ಒಮ್ಮೆಲೇ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ಹಸಿರಿನ ನಡುವೆ ಎರಡೂ ಇದ್ದಿಲಿನ ಹಾಗೆ ಕಪ್ಪು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಇದು, ಅದಕ್ಕೇ ಇಲ್ಲಿನ ಮಣ್ಣೂ ಕಪ್ಪು ಎನ್ನುತ್ತದೆ ಸ್ಥಳಪುರಾಣ. 1996ರಲ್ಲಿ ‘ನಮ್ಮೂರ ಮಂದಾರ ಹೂವೆ’ ಸಿನಿಮಾ ಬಂದ ಮೇಲೆ ಇದನ್ನು ನೋಡದ ಕನ್ನಡಿಗರು ಕಡಿಮೆ. ಆದರೆ ಸಿನಿಮಾದಲ್ಲಿ ಕಾಣದ್ದೊಂದಿದೆ. ಗುಹೆಯೊಳಗೆ ಉದ್ಭವಲಿಂಗದ ಮೇಲೆ ತೊಟ್ಟಿಕ್ಕುವ ನೀರನ್ನು ಜನ ಗಂಗೆ ಎಂದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ. ಈ ಬಂಡೆಗೆ ಈ ರೂಪ ಕೊಟ್ಟದ್ದೂ ನೀರೇ. ಇದು ಸುಣ್ಣಕಲ್ಲು. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ, ಗಾಳಿಯಿಂದಲೂ ಕೊಳೆಯುವ ತರಗೆಲೆಯಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಚೂರು ಆಮ್ಲವಾಗುತ್ತದೆ. ಆ ನೀರು ಬಿರುಕಿಗೆ ಇಳಿದು ಸುಣ್ಣವನ್ನು ಕರಗಿಸುತ್ತ ಹೋಗುತ್ತದೆ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ: ಮೇಲ್ಮೈ ಎಲ್ಲೂ ನುಣುಪಾಗಿಲ್ಲ, ಉದ್ದಕ್ಕೂ ಕೊರಕಲು, ಕೊರಕಲುಗಳ ನಡುವೆ ಬೆರಳಿಗೆ ಚುಚ್ಚುವ ಅಲಗಿನಂಥ ಏಣು. ಚಳಿಗಾಲದಲ್ಲಿ ಬಂಡೆ ಒಣಗಿರುವುದರಿಂದ ಇದನ್ನು ನಿಧಾನವಾಗಿ ಮುಟ್ಟಿ ನೋಡಬಹುದು. ಮಳೆಗಾಲದಲ್ಲಿ ಆ ಧೈರ್ಯ ಬೇಡ.

ಕರಗಿದ ಸುಣ್ಣ ಎಲ್ಲಿಗೆ ಹೋಯಿತು ಎಂದು ಯೋಚಿಸುತ್ತಲೇ ನಾನು ಇಳಿದುಬಂದದ್ದು. ಇಲ್ಲಿನ ನೀರು ಚಂಡಿಕಾ ಹೊಳೆಗೆ, ಚಂಡಿಕಾ ಹೊಳೆ ಅಘನಾಶಿನಿಗೆ. ಎಲ್ಲೂ ಅಣೆಕಟ್ಟೆ ಕಾಣದ ಅಘನಾಶಿನಿ ನೇರ ಕುಮಟಾದ ಅಳಿವೆಗೆ. 2024ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಆ ಅಳಿವೆಯ ಕೆಸರಿನಲ್ಲಿ ಬಳಚು ಬೆಳೆಯುತ್ತದೆ, ನೀರಿನಲ್ಲಿ ಕರಗಿದ ಸುಣ್ಣದಂಶ ಹೀರಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಯಾಣದ ಬಂಡೆಯ ಒಂದು ಕಣವಾದರೂ ಆ ಚಿಪ್ಪುಗಳಲ್ಲಿ ಇರಲೇಬೇಕು ಎಂದು ನನ್ನ ನಂಬಿಕೆ.

ದಾರಿಯ ಕೆಳಗಿನ ಮನೆಯಂಗಳದಲ್ಲಿ ಅಜ್ಜಿಯೊಬ್ಬರು ಹಸಿ ಅಡಿಕೆ ಸುಲಿಯುತ್ತಿದ್ದರು. ನಿಂತದ್ದನ್ನು ಕಂಡು, “ಆಸರಿಗೆ ಎಂತ ಬೇಕು ತಮಾ?” ಎಂದರು. ಗುರುತು ಪರಿಚಯದ ವಿಚಾರಣೆಯೆಲ್ಲ ಆಮೇಲೆ. ತೋಟದ ಮೇಲಿನ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ನೀರು, ಜೊತೆಗೊಂದು ತುಂಡು ಬೆಲ್ಲ. ಕುಡಿಯುತ್ತ ಅವರ ಕೈ ನೋಡಿದೆ. ಮಣೆಯ ಮೇಲೆ ಕಾಲು ಮಡಚಿ ಕೂತು, ಮೆಟ್ಟುಗತ್ತಿಯ ಅಲಗಿಗೆ ಕಾಯಿ ಒತ್ತಿ ಒಮ್ಮೆ ತಿರುಗಿಸುವುದು. ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಕಣ್ಣು ಮಾತ್ರ ನನ್ನ ಮೇಲೆಯೇ. ಹೀಗೆ ಹಸಿಯಾಗಿ ಸುಲಿದು ತೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಸಿಪ್ಪೆಸಮೇತ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಕೊನೆಕೊಯ್ಲಿನ ಈ ತಿಂಗಳುಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬಂಡೆ ನೋಡಲು ಹೋಗುವುದುಂಟೇ ಎಂದು ಕೇಳಿದೆ. ಶಿವರಾತ್ರಿಗೆ ಪೂಜೆಗೆ ಹೋಗುತ್ತಾರಂತೆ, ಅಷ್ಟರೊಳಗೆ ಸುಲಿದು ಮುಗಿಯಬೇಕಂತೆ.

ಆಮೇಲೆ ಕೈ ಒರೆಸಿಕೊಂಡು ಕವಳದ ಹರಿವಾಣ ಎಳೆದುಕೊಂಡರು. ಎಲೆಯ ಬೆನ್ನಿಗೆ ಸುಣ್ಣ ಸವರುವಾಗ, ಅದು ಎಲ್ಲಿಯದೆಂದು ಕೇಳದಿರಲು ನನ್ನಿಂದಾಗಲಿಲ್ಲ. ಕುಮಟಾ ಕಡೆಯಿಂದ ಬರುವ ಚಿಪ್ಪಿಸುಣ್ಣ ಎಂದರು. ಕಲ್ಲುಸುಣ್ಣ ಬಾಯಿ ಸುಡುತ್ತದೆ, ಕವಳಕ್ಕೆ ಚಿಪ್ಪಿಯದೇ ಆಗಬೇಕು ಎಂದು ಹೇಳಿ, ನನಗೂ ಒಂದು ಎಲೆ ಮಡಚತೊಡಗಿದರು.