ಟೈಲರ್ ಬರೆದಿಟ್ಟ ಅಳತೆ

ರಾಬರ್ಟ್‌ಸನ್‌ಪೇಟೆಯಲ್ಲಿ ಅಪ್ಪನಿಗೆ ಪ್ಯಾಂಟು ಹೊಲಿಯುತ್ತಿದ್ದ ಟೈಲರ್ ಹತ್ತಿರ ಉದ್ದನೆಯ ರಟ್ಟಿನ ಪುಸ್ತಕವೊಂದಿತ್ತು. ಗಿರಾಕಿಯ ಹೆಸರು, ಅದರ ಕೆಳಗೆ ಉದ್ದ, ಸೊಂಟ, ಸೀಟು, ತೊಡೆ. 2000ದ ದೀಪಾವಳಿಗೆ ಅಪ್ಪನ ಸೊಂಟ 32 ಇಂಚು. 2009ರಲ್ಲಿ ನನ್ನ ಮದುವೆಗೆ ಹೊಲಿಸಿದಾಗ 37.

“ಅಣ್ಣಾ, ಹೊಟ್ಟೆ ಬಂದ್‌ಬಿಡ್ತಲ್ಲ” ಎಂದ ಟೈಲರ್.

“ಈಗ ಕೂತು ತಿನ್ನೋ ಕೆಲಸ ಕಣಪ್ಪ” ಎಂದರು ಅಪ್ಪ.

ಆ ಒಂಬತ್ತು ವರ್ಷದಲ್ಲಿ ಅವರ ತೂಕ ಮಾತ್ರ ಹೆಚ್ಚುಕಮ್ಮಿ ಆಗಿರಲಿಲ್ಲ. ಆಗಲೂ 60 ಕಿಲೋ, ಈಗಲೂ 60 ಕಿಲೋ.

ನಾವು ಚಿಕ್ಕವರಿದ್ದಾಗ ತೂಕ ನೋಡುತ್ತಿದ್ದದ್ದು ಇಳಿದಿದೆಯಾ ಎಂದು ತಿಳಿಯಲು. ಚಿನ್ನದ ಗಣಿಯ ಊರಿನಲ್ಲಿ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೂತು ಸಿಲಿಕೋಸಿಸ್ ಬರುತ್ತಿತ್ತು, ಅದರ ಬೆನ್ನಿಗೇ ಕ್ಷಯ. ಒಬ್ಬರು ‘ಇಳಿದು ಹೋಗಿದ್ದಾರೆ’ ಎಂದರೆ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ದನಿ ತಗ್ಗಿಸುತ್ತಿದ್ದರು. ‘ಮೈಕೈ ತುಂಬಿಕೊಂಡಿದ್ದೀಯ’ ಎಂಬುದು ಹೊಗಳಿಕೆ. ಬಂಗಾರಪೇಟೆ ಸ್ಟೇಷನ್ನಿನ ತೂಕದ ಯಂತ್ರಕ್ಕೆ ನಾಣ್ಯ ಹಾಕಿ, ಹೊರಬಿದ್ದ ಚೀಟಿಯಲ್ಲಿ ಒಂದು ಕಿಲೋ ಜಾಸ್ತಿ ಇದ್ದರೆ ಅಮ್ಮನಿಗೆ ಸಮಾಧಾನ.

ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಭೂಮಿಯ ಕೆಳಗೆ ದುಡಿದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. ಶಿಫ್ಟ್ ಮುಗಿಸಿ ಬಂದರೆ ದೊಡ್ಡ ಮುದ್ದೆ, ಅದರ ಮೇಲೆ ಅನ್ನ. ತಿಂದದ್ದೆಲ್ಲ ಮಾರನೆಯ ದಿನದ ಬೆವರಿಗೆ ಸರಿಹೋಗುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿ ಬಾಗಿಲು ಹಾಕಿತು. ಊರಿನ ಸಾವಿರಾರು ಗಂಡಸರಂತೆ ಅಪ್ಪನೂ ಬೆಂಗಳೂರಿನ ರೈಲು ಹತ್ತಿದರು. ಹೋಗಲು ಎರಡು ಗಂಟೆಗೂ ಮೇಲೆ, ಬರಲು ಅಷ್ಟೇ, ನಡುವೆ ಸೆಕ್ಯುರಿಟಿ ಗಾರ್ಡ್ ಕುರ್ಚಿ. ತಟ್ಟೆಯ ಮುದ್ದೆ ಮಾತ್ರ ಗಣಿಯ ಕಾಲದ್ದೇ. ತೋಳು ತೊಡೆಗಳ ಮಾಂಸಖಂಡ ಕರಗಿತು, ಅಷ್ಟೇ ಭಾರದ ಕೊಬ್ಬು ಹೊಟ್ಟೆಗೆ ಬಂತು. ತಕ್ಕಡಿಗೆ ಈ ಅದಲುಬದಲು ಕಾಣುವುದಿಲ್ಲ.

2010ರ ಆರಂಭದಲ್ಲಿ ಸುಸ್ತು, ತಲೆಸುತ್ತು ಎಂದು ಅಪ್ಪ ಒಂದು ಆಸ್ಪತ್ರೆಗೆ ಹೋದರು. ಎತ್ತರ 162 ಸೆಂಟಿಮೀಟರ್, ತೂಕ 60. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ: 22.9. ನಮ್ಮ ದೇಶದವರಿಗೆ 23ರಿಂದ ಅತಿತೂಕ ಎಂದು ಲೆಕ್ಕ. “ತೂಕ ಸರಿಯಾಗಿದೆ” ಎಂದು ಟಾನಿಕ್ ಬರೆದು ಕಳಿಸಿದರು. ಏಳು ತಿಂಗಳ ನಂತರ ಕಾಲ್ಬೆರಳಿನ ಗಾಯ ಮಾಯದೆ ಹೋದಾಗ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಏರಿ ಎಷ್ಟೋ ಕಾಲವಾಗಿತ್ತು. ಒಂದು ಬೆರಳು ಹೋಯಿತು. ನಾನು ಆಗಲೇ ನರ್ಸ್. ನಾನೂ ಅವರ ಹೊಟ್ಟೆಗೆ ಟೇಪು ಹಿಡಿದಿರಲಿಲ್ಲ. ಹಿಡಿದವನು ಟೈಲರ್ ಒಬ್ಬನೇ.

ಬಿಎಂಐ ಸೂತ್ರ ಕೊಟ್ಟ ಬೆಲ್ಜಿಯಂನ ಕೆಟ್ಲೆ ವೈದ್ಯನಲ್ಲ, 1830ರ ದಶಕದಲ್ಲಿ ಜನಸಮೂಹಗಳ ಅಂಕಿಅಂಶ ತೆಗೆಯುತ್ತಿದ್ದ ಗಣಿತಜ್ಞ. ಕೊಬ್ಬು ಎಲ್ಲಿ ಕೂತಿದೆ ಎಂದು ಆ ಸೂತ್ರ ಹೇಳುವುದಿಲ್ಲ. ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ: ನಮ್ಮವರಲ್ಲಿ ಸಾಮಾನ್ಯವಾದ ಈ ಮೈಕಟ್ಟಿಗೆ ಟೇಪೇ ಬೇಕು.

ಈಗ ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಸೊಂಟದಳತೆಗೆ ಕಾಲಂ ಇದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ದಾಟಿದರೆ ಕಾಯಿಲೆಯ ಅಪಾಯ ತೋರಿಸುವ ಅಂಕ ಏರುತ್ತದೆ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಸೀರೆ ಉಟ್ಟವರಲ್ಲಿ ಇದು ಸುಲಭವಲ್ಲ. ನೆರಿಗೆ, ಲಂಗದ ಲಾಡಿಯ ಗಂಟು ಎಲ್ಲ ಸೇರಿ ಅಳತೆ ತಪ್ಪುತ್ತದೆ. ಬಾಗಿಲು ಮುಚ್ಚಿ, ಲಾಡಿ ಸಡಿಲಿಸಿ, ಟೇಪನ್ನು ಮೈಗೇ ತಾಗಿಸಿ ಹಿಡಿಯಬೇಕು. ಆದರೂ ಹೆಂಗಸರು ಮನೆಯಲ್ಲಿ ಸಿಗುತ್ತಾರೆ. ಗಂಡಸರು ಬೆಳಗಿನ ಜಾವವೇ ರೈಲು ಹತ್ತಿರುತ್ತಾರೆ. ಅವರನ್ನು ಅಳೆಯಬೇಕಾದರೆ ಭಾನುವಾರ ಹೋಗಬೇಕು, ಇಲ್ಲವೇ ಸ್ಟೇಷನ್ನಿನಲ್ಲೇ ಕೂರಬೇಕು.

ಟೇಪಿಲ್ಲದ ಮನೆಯಲ್ಲಿ ದಾರ ಸಾಕು. ಅಂಗಾಲಿನಿಂದ ನೆತ್ತಿಯವರೆಗೆ ಅಳೆದು ಎರಡಾಗಿ ಮಡಚಿದರೆ, ಆ ದಾರ ಹೊಟ್ಟೆ ಸುತ್ತಿ ಬರಬೇಕು. ಸೊಂಟ ಎತ್ತರದ ಅರ್ಧ ಮೀರಬಾರದು. ಅಪ್ಪನ ಎತ್ತರದ ಅರ್ಧ 81 ಸೆಂಟಿಮೀಟರ್, ಅಂದರೆ ಗಣಿ ಮುಚ್ಚುವ ಮುಂಚಿನ ಆ 32 ಇಂಚೇ. ಟೈಲರ್ ಟೇಪು ಹಿಡಿಯುವ ಜಾಗ ಸ್ವಲ್ಪ ಕೆಳಗೆ, ನಿಜ. ಆದರೂ ಏರಿದ ಐದು ಇಂಚು ಸುಳ್ಳಲ್ಲ.

ಈಗ ತಮ್ಮನೂ ಅದೇ ರೈಲಿನಲ್ಲಿ ಓಡಾಡುತ್ತಾನೆ. ನೋಡಲು ತೆಳ್ಳಗೆ. ಹೋದ ತಿಂಗಳು ಒಂದು ಭಾನುವಾರ ಅವನ ಎತ್ತರಕ್ಕೆ ದಾರ ಹಿಡಿದು, ಮಡಚಿ, ಹೊಟ್ಟೆಗೆ ಸುತ್ತಿದೆ. “ಅಕ್ಕಾ, ಬಿಡೇ, ನಾನೇನು ದಪ್ಪ ಇದ್ದೀನಾ” ಎಂದ. ಉಡಿದಾರದ ಮೇಲ್ಗಡೆ ದಾರದ ಎರಡು ತುದಿಗೂ ನಡುವೆ ನಾಲ್ಕು ಬೆರಳಿನ ಅಂತರ ಉಳಿಯಿತು. ಸೋಮವಾರ ರಜೆ ಹಾಕಿಸಿ, ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ.